ಲೇಹ್ ಪ್ರವಾಸ: ಎತ್ತರಕ್ಕೆ ಒಗ್ಗುವ ಮೊದಲ ದಿನದಿಂದ ಗೊಂಪಾ, ಕಣಿವೆ, ಸರೋವರದವರೆಗೆ ಹಂತ ಹಂತದ ಮಾರ್ಗದರ್ಶಿ

ಬೆಂಗಳೂರಿನಿಂದ ಲೇಹ್‌ಗೆ ಹೋಗಿ ಬಂದವರಲ್ಲಿ ಹಲವರ ದೂರು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಇಳಿದ ದಿನ ಏನೂ ಅನಿಸದ ಕಾರಣ ಸಂಜೆಯೇ ಶಾಂತಿ ಸ್ತೂಪದ ಮೆಟ್ಟಿಲು ಹತ್ತಿದರು, ಮರುದಿನ ಖರ್ದುಂಗ್ ಲಾ ಎಂಬ ಎತ್ತರದ ಕಣಿವೆದಾರಿ ನೋಡಿದರು (ಲಾ ಎಂದರೆ ಕಣಿವೆದಾರಿ), ಅದರ ಮರುದಿನ ಪಾಂಗಾಂಗ್ ಸರೋವರದ ದಂಡೆಯ ಡೇರೆಯಲ್ಲಿ ತಂಗಿದರು. ಅಲ್ಲಿ ರಾತ್ರಿಯಿಡೀ ತಲೆಸಿಡಿತ ಮತ್ತು ವಾಂತಿ, ಆಮೇಲಿನ ದಿನಗಳೆಲ್ಲ ಹೋಟೆಲಿನ ಹಾಸಿಗೆಯ ಮೇಲೆ. ಇದಕ್ಕೆ ವಯಸ್ಸು, ಚಳಿ, ಹೊರಗಿನ ಊಟ ಎಂದು ಕಾರಣ ಹುಡುಕುವವರು ಪ್ರವಾಸದ ದಿನಗಳನ್ನು ಯಾವ ಕ್ರಮದಲ್ಲಿ ಜೋಡಿಸಿದ್ದರು ಎಂಬುದನ್ನು ಮಾತ್ರ ನೋಡುವುದಿಲ್ಲ. ಅದೇ ಸ್ಥಳಗಳನ್ನು, ಅಷ್ಟೇ ದಿನಗಳಲ್ಲಿ, ಬೇರೆ ಕ್ರಮದಲ್ಲಿ ನೋಡಿದವರಿಗೆ ಸಾಮಾನ್ಯವಾಗಿ ಇಷ್ಟು ತೊಂದರೆ ಆಗುವುದಿಲ್ಲ.

ಕಾರಣ ಸರಳವಾಗಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಎರಡೂ ಕಡೆ ಶೇ 21ರಷ್ಟೇ ಇದ್ದರೂ, ಲೇಹ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗದಷ್ಟು ಮಾತ್ರ ಇರುವುದರಿಂದ ಪ್ರತಿ ಉಸಿರಿನಲ್ಲಿ ಒಳಗೆ ಹೋಗುವ ಆಮ್ಲಜನಕ ಕಡಿಮೆಯಾಗುತ್ತದೆ. ಅದನ್ನು ಸರಿದೂಗಿಸಲು ದೇಹ ಹೆಚ್ಚು ಉಸಿರಾಡುತ್ತದೆ, ಆ ಹೆಚ್ಚಿನ ಉಸಿರಾಟದಿಂದ ಏರುವ ರಕ್ತದ ಕ್ಷಾರೀಯತೆಯನ್ನು ಮೂತ್ರಪಿಂಡಗಳು ನಿಧಾನವಾಗಿ ಸರಿಪಡಿಸುತ್ತವೆ. ಈ ಕೆಲಸಕ್ಕೆ ಗಂಟೆಗಳಲ್ಲ, ದಿನಗಳು ಬೇಕು. ನಿತ್ಯ ಓಡುವವರಿಗೂ, ಜಿಮ್‌ಗೆ ಹೋಗುವವರಿಗೂ ಇದರಲ್ಲಿ ವಿನಾಯಿತಿ ಇಲ್ಲ. ಗಟ್ಟಿಮುಟ್ಟಾದ ಯುವಕರು ಮೊದಲ ದಿನವೇ ಹೆಚ್ಚು ಓಡಾಡುವುದರಿಂದ ಅವರೇ ಮೊದಲು ಮಲಗುವುದೂ ಉಂಟು.

ಹಂತ 1: ದಿನಗಳ ಲೆಕ್ಕ ಹಾಕಿ, ದಾರಿಯನ್ನು ಆರಿಸಿ

ಲೇಹ್, ನುಬ್ರಾ ಕಣಿವೆ, ಪಾಂಗಾಂಗ್ ಮೂರನ್ನೂ ನೋಡಬೇಕೆಂದರೆ ಕನಿಷ್ಠ ಎಂಟು ರಾತ್ರಿಗಳನ್ನು ಇಟ್ಟುಕೊಳ್ಳಬೇಕು. ಐದೇ ರಾತ್ರಿ ಇದ್ದರೆ ಪಾಂಗಾಂಗ್‌ನಲ್ಲಿ ತಂಗುವ ಆಸೆಯನ್ನು ಕೈಬಿಟ್ಟು ಲೇಹ್ ಸುತ್ತಲಿನ ಗೊಂಪಾಗಳನ್ನೂ (ಬೌದ್ಧ ವಿಹಾರಗಳನ್ನೂ) ಪಶ್ಚಿಮದ ಆಲ್ಚಿ, ಲಾಮಾಯುರು ಭಾಗವನ್ನೂ ನೋಡುವುದು ಮೇಲು. ಬೌದ್ಧ ಪರಂಪರೆಯನ್ನೇ ನೋಡಲು ಹೋಗುವವರಿಗೆ ಇದರಿಂದ ನಷ್ಟವೇನೂ ಇಲ್ಲ, ಏಕೆಂದರೆ ಮುಖ್ಯವಾದ ಗೊಂಪಾಗಳಲ್ಲಿ ಹೆಚ್ಚಿನವು ಸಿಂಧೂ ಕಣಿವೆಯಲ್ಲೇ ಇವೆ.

ವಿಮಾನದಲ್ಲಿ ಹೋಗುವವರು ಮಾಡುವ ಮೊದಲ ತಪ್ಪು ಲೇಹ್ ತಲುಪುವ ಮೊದಲೇ ನಡೆದುಹೋಗಿರುತ್ತದೆ. ಲೇಹ್‌ಗೆ ವಿಮಾನಗಳು ಬಹುತೇಕ ಬೆಳಗ್ಗೆಯೇ ಹಾರುವುದರಿಂದ, ಬೆಂಗಳೂರಿನಿಂದ ರಾತ್ರಿ ಹೊರಟು, ದೆಹಲಿ ನಿಲ್ದಾಣದ ಕುರ್ಚಿಯ ಮೇಲೆ ತೂಕಡಿಸಿ, ಮುಂಜಾನೆಯ ವಿಮಾನ ಹಿಡಿಯುವುದು ರೂಢಿಯಾಗಿದೆ. ಹೀಗೆ ನಿದ್ದೆಗೆಟ್ಟು, ನೀರು ಕುಡಿಯದೆ ಬಂದಿಳಿದವರಿಗೆ ಆ ಸಂಜೆ ಬರುವ ತಲೆನೋವು ನಿದ್ದೆಗೇಡಿನದ್ದೋ ಎತ್ತರದ್ದೋ ಎಂದು ಹೇಳುವುದು ವೈದ್ಯರಿಗೂ ಕಷ್ಟ. ದೆಹಲಿಯಲ್ಲಿ ಒಂದು ರಾತ್ರಿ ಕೋಣೆ ಹಿಡಿದು ಮಲಗಿ ಹೋಗುವುದಕ್ಕೆ ಆಗುವ ಖರ್ಚು ಈ ಪ್ರವಾಸದಲ್ಲಿ ದಂಡವಾಗದ ಖರ್ಚುಗಳಲ್ಲಿ ಒಂದು.

ರಸ್ತೆಯಲ್ಲಿ ಹೋಗುವವರಿಗೆ ಎರಡು ದಾರಿಗಳಿವೆ, ಆದರೆ ಅವೆರಡೂ ಸಮಾನವಲ್ಲ. ಶ್ರೀನಗರದಿಂದ ಲೇಹ್‌ಗೆ ಸುಮಾರು 420 ಕಿಲೋಮೀಟರ್. ನಡುವೆ 2,676 ಮೀಟರ್ ಎತ್ತರದ ಕಾರ್ಗಿಲ್‌ನಲ್ಲಿ ಒಂದು ರಾತ್ರಿ ಸಿಗುತ್ತದೆ, ದಾರಿಯ ಅತಿ ಎತ್ತರದ ಜಾಗವಾದ ಫೋತು ಲಾ 4,108 ಮೀಟರ್. ಮನಾಲಿ ದಾರಿಯಲ್ಲಿ ಹಾಗಲ್ಲ. ಬಾರಾಲಾಚಾ ಲಾ 4,890 ಮೀಟರ್, ತಾಂಗ್ಲಾಂಗ್ ಲಾ ಸುಮಾರು 5,330 ಮೀಟರ್ ಇದ್ದು, ಹಲವರು ರಾತ್ರಿ ತಂಗುವ ಸರ್ಚು ಸುಮಾರು 4,290 ಮೀಟರ್ ಎತ್ತರದಲ್ಲಿದೆ. ಮನಾಲಿಯಿಂದ ಹೊರಟ ದಿನವೇ ಸರ್ಚುವಿನಲ್ಲಿ ಮಲಗುವುದು ಈ ದಾರಿಯ ಅತ್ಯಂತ ಕೆಟ್ಟ ಆಯ್ಕೆ. ಅದರ ಬದಲು ಕೇಲಾಂಗ್ ಅಥವಾ ಜಿಸ್ಪಾದಲ್ಲಿ ಎರಡು ರಾತ್ರಿ ಕಳೆದು, ಮರುದಿನ ನಸುಕಿನಲ್ಲೇ ಹೊರಟು ನೇರವಾಗಿ ಲೇಹ್ ತಲುಪಬೇಕು. ಮೊದಲ ಬಾರಿ ಹೋಗುವವರು ಶ್ರೀನಗರದಿಂದ ಏರಿ, ವಿಮಾನದಲ್ಲಿ ಇಳಿಯುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಕಾಲದ ವಿಷಯದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಸುಲಭ, ಅದರಲ್ಲೂ ಸೆಪ್ಟೆಂಬರ್‌ನಲ್ಲಿ ಜನಸಂದಣಿ ಕಡಿಮೆ. ಚಳಿಗಾಲದಲ್ಲಿ ಲೇಹ್‌ನ ರಾತ್ರಿಗಳು ಸೊನ್ನೆಗಿಂತ 15–20 ಡಿಗ್ರಿ ಕೆಳಗಿಳಿಯಬಹುದಾದ್ದರಿಂದ ಮೊದಲ ಪ್ರವಾಸಕ್ಕೆ ಆ ಕಾಲ ಬೇಡ.

ಹಂತ 2: ಹೊರಡುವ ಎರಡು ವಾರ ಮೊದಲು ವೈದ್ಯರನ್ನು ಕಾಣಿ

ಹೃದ್ರೋಗ, ಶ್ವಾಸಕೋಶದ ಕಾಯಿಲೆ, ನಿದ್ದೆಯಲ್ಲಿ ಉಸಿರುಕಟ್ಟುವ ತೊಂದರೆ ಇರುವವರು, ಹತೋಟಿಗೆ ಬಾರದ ರಕ್ತದೊತ್ತಡದವರು, ಗರ್ಭಿಣಿಯರು, ಈಚೆಗೆ ಶಸ್ತ್ರಚಿಕಿತ್ಸೆ ಆದವರು ವೈದ್ಯರ ಸ್ಪಷ್ಟ ಒಪ್ಪಿಗೆ ಇಲ್ಲದೆ ಟಿಕೆಟ್ ಕೊಳ್ಳಬಾರದು. ಹಿಂದೊಮ್ಮೆ ಎತ್ತರದ ಜಾಗದಲ್ಲಿ ಕಾಯಿಲೆ ಬಿದ್ದವರು ಅದನ್ನು ಮುಚ್ಚಿಡದೆ ಹೇಳಬೇಕು, ಏಕೆಂದರೆ ಅಂಥವರಿಗೆ ಅದು ಮರುಕಳಿಸುವ ಸಂಭವ ಹೆಚ್ಚು.

ಡಯಾಮಾಕ್ಸ್ ಎಂಬ ಹೆಸರಿನಲ್ಲಿ ಸಿಗುವ ಅಸೆಟಜೋಲಮೈಡ್ ಮಾತ್ರೆಯನ್ನು ದೊಡ್ಡವರಿಗೆ ಸಾಮಾನ್ಯವಾಗಿ ದಿನಕ್ಕೆ ಎರಡು ಬಾರಿ 125 ಮಿಲಿಗ್ರಾಂನಂತೆ, ಏರುವ ಹಿಂದಿನ ದಿನದಿಂದ ಆರಂಭಿಸಿ, ಎತ್ತರ ತಲುಪಿದ ಮೇಲೆ ಎರಡು ದಿನದವರೆಗೆ ಬರೆದುಕೊಡುತ್ತಾರೆ. ಸಲ್ಫಾ ಔಷಧಗಳು ಒಗ್ಗದವರು ಮತ್ತು ಮೂತ್ರಪಿಂಡದ ತೊಂದರೆ ಇರುವವರು ಇದನ್ನು ತಾವಾಗಿಯೇ ನುಂಗಬಾರದು. ಬೆರಳ ತುದಿಗಳಲ್ಲಿ ಜುಮುಜುಮು ಎನ್ನುವುದು, ಪದೇಪದೇ ಮೂತ್ರ ಬರುವುದು, ಸೋಡಾ ಪಾನೀಯಗಳ ರುಚಿ ಕೆಡುವುದು ಈ ಮಾತ್ರೆಯ ಪರಿಣಾಮಗಳೇ ಹೊರತು ಕಾಯಿಲೆಯ ಲಕ್ಷಣಗಳಲ್ಲ. ಮಾತ್ರೆ ದೇಹ ಒಗ್ಗುವುದನ್ನು ಚುರುಕುಗೊಳಿಸುತ್ತದೆ, ಅಷ್ಟೇ. ವಿಶ್ರಾಂತಿಯ ಎರಡು ದಿನಗಳನ್ನು ಉಳಿಸಲು ಅದನ್ನು ನುಂಗುವುದು ಅತ್ಯಂತ ಸಾಮಾನ್ಯವಾದ ತಪ್ಪು.

ಹಂತ 3: ಚೀಲ, ಕಾಗದಪತ್ರ, ಫೋನು, ವಾಹನ

ಬಟ್ಟೆಯನ್ನು ಒಂದೇ ದಪ್ಪ ಜಾಕೆಟ್‌ನಲ್ಲಿ ಮುಗಿಸದೆ ಪದರಗಳಾಗಿ ಒಯ್ಯಬೇಕು, ಏಕೆಂದರೆ ಬಿಸಿಲಿನಲ್ಲಿ ಬೆವರಿ, ನೆರಳಿಗೆ ಸರಿದೊಡನೆ ನಡುಗುವ ಹವೆ ಅದು. ಕಪ್ಪು ಕನ್ನಡಕ, ಅಗಲ ಅಂಚಿನ ಟೋಪಿ, ಸನ್‌ಸ್ಕ್ರೀನ್, ತುಟಿಗೆ ಹಚ್ಚುವ ಮುಲಾಮು ಇವು ಅಲಂಕಾರಕ್ಕಲ್ಲ; ತೆಳುಗಾಳಿಯಲ್ಲಿ ಅತಿನೇರಳೆ ಕಿರಣಗಳು ಚುರುಕಾಗಿರುವುದರಿಂದ ಮೂಗಿನ ತುದಿ ಎರಡೇ ದಿನದಲ್ಲಿ ಸುಲಿದುಹೋಗುತ್ತದೆ. ಒಂದು ಲೀಟರಿನ ನೀರಿನ ಬಾಟಲಿ, ಓಆರ್‌ಎಸ್ ಪೊಟ್ಟಣಗಳು, ಪ್ಯಾರಾಸಿಟಮಾಲ್, ಗೊಂಪಾಗಳ ಕತ್ತಲ ಕೋಣೆಗಳಿಗೆ ಸಣ್ಣ ಟಾರ್ಚು, ಸುಲಭವಾಗಿ ಕಳಚುವ ಪಾದರಕ್ಷೆ ಇರಲಿ.

ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕವನ್ನು ಅಳೆಯುವ ಆಕ್ಸಿಮೀಟರ್ ಒಯ್ಯುವುದಾದರೆ ಅದನ್ನು ಓದುವ ಬಗೆಯನ್ನೂ ತಿಳಿದಿರಬೇಕು. ಬೆಂಗಳೂರಿನಲ್ಲಿ ಶೇ 97–98 ತೋರಿಸುತ್ತಿದ್ದ ಉಪಕರಣ ಲೇಹ್‌ನಲ್ಲಿ ಮೊದಲ ದಿನ 85ರಿಂದ 92ರ ನಡುವೆ ಇಳಿಯುವುದು ಆರೋಗ್ಯವಂತರಲ್ಲೂ ಸಾಮಾನ್ಯ, ಅದನ್ನು ಕಂಡು ಗಾಬರಿಯಾಗುವ ಅಗತ್ಯವಿಲ್ಲ. ತಣ್ಣಗಾದ ಬೆರಳು ಮತ್ತು ಉಗುರುಬಣ್ಣ ತಪ್ಪು ಅಂಕಿ ತೋರಿಸುತ್ತವೆ. ಅಂಕಿ ಚೆನ್ನಾಗಿದ್ದು ಮನುಷ್ಯ ಸುಸ್ತಾಗಿ ಕುಳಿತಿದ್ದರೆ ನಂಬಬೇಕಾದದ್ದು ಮನುಷ್ಯನನ್ನು.

ಡಬ್ಬಿಯಲ್ಲಿ ಬರುವ ಆಮ್ಲಜನಕ ಮತ್ತು ಕರವಸ್ತ್ರದಲ್ಲಿ ಕಟ್ಟಿಕೊಂಡು ಮೂಸುವ ಕರ್ಪೂರ ಎರಡನ್ನೂ ಮನೆಯಲ್ಲೇ ಬಿಡಬಹುದು. ಡಬ್ಬಿ ಕೆಲವೇ ನಿಮಿಷಗಳಲ್ಲಿ ಖಾಲಿಯಾಗುತ್ತದೆ. ಕರ್ಪೂರದ ಘಾಟು ಮೂಗು ತೆರೆಸಬಹುದೇ ಹೊರತು ರಕ್ತಕ್ಕೆ ಆಮ್ಲಜನಕ ಸೇರಿಸುವುದಿಲ್ಲ. ಇವುಗಳಿಂದ ಆದ ಕ್ಷಣಿಕ ಹಾಯನ್ನು ನಂಬಿ ಇನ್ನೂ ಮೇಲಕ್ಕೆ ಹೋಗುವುದೇ ನಿಜವಾದ ಅಪಾಯ.

ಪ್ರೀಪೇಯ್ಡ್ ಸಿಮ್ ಹೊರರಾಜ್ಯದ್ದಾದರೆ ಲಡಾಖ್‌ನಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಮಾತ್ರ ನಡೆಯುತ್ತದೆ. ಗುಂಪಿನಲ್ಲಿ ಕನಿಷ್ಠ ಒಬ್ಬರ ಬಳಿಯಾದರೂ ಅದು ಇರುವಂತೆ ನೋಡಿಕೊಂಡು, ಬ್ಯಾಂಕಿನ ಒಟಿಪಿ ಬರುವ ಸಂಖ್ಯೆ ಪ್ರೀಪೇಯ್ಡ್ ಆಗಿದ್ದರೆ ಬೇಕಾದಷ್ಟು ನಗದನ್ನು ಮೊದಲೇ ತೆಗೆದಿಟ್ಟುಕೊಳ್ಳಬೇಕು. ಎಟಿಎಂಗಳು ಲೇಹ್ ಪೇಟೆಯಲ್ಲಿವೆ, ಅದರಾಚೆಗೆ ವಿರಳ. ಗೊಂಪಾಗಳ ಪ್ರವೇಶ ಶುಲ್ಕಕ್ಕೆ ಚಿಲ್ಲರೆ ನೋಟುಗಳೇ ಬೇಕಾಗುತ್ತವೆ.

ಗಡಿಭಾಗಗಳಿಗೆ ಭಾರತೀಯ ಪ್ರಜೆಗಳಿಗಿದ್ದ ಇನ್ನರ್ ಲೈನ್ ಪರ್ಮಿಟ್ 2021ರಲ್ಲಿ ರದ್ದಾಗಿದ್ದರೂ, ಪರಿಸರ ಶುಲ್ಕ ಕಟ್ಟಿದ ರಸೀದಿಯನ್ನು ಮತ್ತು ಸರ್ಕಾರಿ ಗುರುತಿನ ಚೀಟಿಯನ್ನು ತಪಾಸಣಾ ಠಾಣೆಗಳಲ್ಲಿ ಕೇಳುತ್ತಾರೆ. ನಿಯಮಗಳು ಗಡಿಯ ಪರಿಸ್ಥಿತಿಗೆ ತಕ್ಕಂತೆ ಬದಲಾಗುವುದರಿಂದ ಹೊರಡುವ ವಾರ ಲೇಹ್ ಆಡಳಿತದ ಜಾಲತಾಣವನ್ನು ನೋಡಿಕೊಂಡು, ರಸೀದಿಯ ನಾಲ್ಕೈದು ಪ್ರತಿಗಳನ್ನು ಮುದ್ರಿಸಿಕೊಳ್ಳಬೇಕು. ವಿದೇಶಿ ಪೌರತ್ವ ಪಡೆದ ಕನ್ನಡಿಗರು ಒಸಿಐ (ಸಾಗರೋತ್ತರ ಭಾರತೀಯ ಪ್ರಜೆ) ಕಾರ್ಡು ಇದ್ದರೆ ಸಾಕೆಂದು ತಿಳಿಯುತ್ತಾರೆ, ಅದು ಸಾಲದು; ಅವರು ವಿದೇಶಿಯರಂತೆಯೇ ಸಂರಕ್ಷಿತ ಪ್ರದೇಶದ ಪರವಾನಗಿ ಪಡೆಯಬೇಕು. ವಾಹನದ ವಿಷಯದಲ್ಲಿ ಒಂದು ಮಾತು: ಹೊರರಾಜ್ಯದ ಬಾಡಿಗೆ ಕಾರು, ಬೈಕುಗಳಲ್ಲಿ ನುಬ್ರಾ, ಪಾಂಗಾಂಗ್ ಸುತ್ತಲು ಸ್ಥಳೀಯ ಟ್ಯಾಕ್ಸಿ ಮತ್ತು ಬೈಕ್ ಸಂಘಗಳು ಬಿಡುವುದಿಲ್ಲ. ಲೇಹ್‌ನಲ್ಲೇ ಬಾಡಿಗೆಗೆ ಹಿಡಿಯಬೇಕು, ಸಂಘದ ದರಪಟ್ಟಿಯನ್ನು ಕೇಳಿ ಪಡೆಯಬೇಕು.

ಹಂತ 4: ಮೊದಲ 48 ಗಂಟೆ

ಈ ಹಂತವನ್ನು ಸರಿಯಾಗಿ ದಾಟಿದರೆ ಉಳಿದದ್ದು ಹೆಚ್ಚುಕಡಿಮೆ ತಾನಾಗಿಯೇ ಸರಿಹೋಗುತ್ತದೆ. ಇಲ್ಲಿ ಮಾಡಬೇಕಾದ ಕೆಲಸ ಏನೂ ಮಾಡದಿರುವುದು, ಮತ್ತು ದುಡ್ಡು ಕೊಟ್ಟು ಬಂದ ಪ್ರವಾಸಿಗರಿಗೆ ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ.

ಮೊದಲ ದಿನ ವಿಮಾನ ನಿಲ್ದಾಣದಿಂದ ಕೋಣೆಗೆ ಹೋಗಿ, ಸಾಮಾನನ್ನು ಹೋಟೆಲಿನವರೇ ಹೊರಲೆಂದು ಬಿಟ್ಟು, ದಿನವೆಲ್ಲ ವಿಶ್ರಾಂತಿಯಲ್ಲಿರಬೇಕು. ಕೋಣೆಯನ್ನು ಕಾಯ್ದಿರಿಸುವಾಗಲೇ ನೆಲಮಹಡಿಯದ್ದನ್ನು ಕೇಳಿ. ಲಿಫ್ಟ್ ಇಲ್ಲದ ಅತಿಥಿಗೃಹಗಳೇ ಅಲ್ಲಿ ಹೆಚ್ಚು. ಇಳಿದ ಮೊದಲ ನಾಲ್ಕಾರು ಗಂಟೆ ಮೈ ಹಗುರವಾಗಿ, ಉತ್ಸಾಹದಲ್ಲಿರುತ್ತದೆ. ಆ ಉತ್ಸಾಹವನ್ನು ನಂಬಬಾರದು, ಲಕ್ಷಣಗಳು ಸಾಮಾನ್ಯವಾಗಿ ಆರರಿಂದ ಹನ್ನೆರಡು ಗಂಟೆಗಳ ನಂತರ ಕಾಣಿಸಿಕೊಳ್ಳುತ್ತವೆ.

ನೀರಿನ ವಿಷಯದಲ್ಲಿ ಎರಡು ಬಗೆಯ ತಪ್ಪುಗಳಿವೆ. ಚಳಿಯೆಂದು ನೀರೇ ಕುಡಿಯದವರು ಒಂದು ಬಗೆ, ಯಾರೋ ಹೇಳಿದರೆಂದು ದಿನಕ್ಕೆ ಆರೇಳು ಲೀಟರ್ ಕುಡಿದು ರಕ್ತದ ಉಪ್ಪಿನಂಶವನ್ನೇ ಇಳಿಸಿಕೊಳ್ಳುವವರು ಇನ್ನೊಂದು ಬಗೆ. ಮೂತ್ರ ತಿಳಿಹಳದಿಯಾಗಿರುವಷ್ಟು ಕುಡಿದರೆ ಸಾಕು, ಬಹುಪಾಲು ಜನರಿಗೆ ಅದು ಮೂರು ಲೀಟರಿನ ಆಸುಪಾಸಿನಲ್ಲಿರುತ್ತದೆ. ದಿನವೂ ಎರಡು ಮೂರು ಲೋಟ ಕಾಫಿ ಕುಡಿಯುವವರು ಎತ್ತರಕ್ಕೆ ಒಳ್ಳೆಯದಲ್ಲವೆಂದು ಅದನ್ನು ಥಟ್ಟನೆ ನಿಲ್ಲಿಸಬಾರದು. ಕಾಫಿ ಬಿಟ್ಟದ್ದಕ್ಕೆ ಬರುವ ತಲೆನೋವೂ ಎತ್ತರದ ತಲೆನೋವೂ ನೋಡಲು ಒಂದೇ, ಅನಗತ್ಯವಾದ ಗೊಂದಲ ಹುಟ್ಟುತ್ತದೆ. ಲೇಹ್‌ನಲ್ಲಿ ನೀರು ಸುಮಾರು 88 ಡಿಗ್ರಿಯಲ್ಲೇ ಕುದಿಯುವುದರಿಂದ ಡಿಕಾಕ್ಷನ್ ಮನೆಯಷ್ಟು ಗಟ್ಟಿಯಾಗಿ ಇಳಿಯುವುದಿಲ್ಲ ಎಂಬುದನ್ನು ಮಾತ್ರ ಸಹಿಸಿಕೊಳ್ಳಬೇಕು.

ಊಟ ಹಗುರವಾಗಿರಲಿ: ಅನ್ನ ಬೇಳೆ, ತರಕಾರಿ ಥುಕ್ಪಾ (ನೂಡಲ್ಸ್ ಸಾರು), ಖಂಬೀರ್ ರೊಟ್ಟಿ ಹೊಟ್ಟೆಗೆ ಹಿತ. ಮದ್ಯವನ್ನೂ ನಿದ್ದೆ ಮಾತ್ರೆಯನ್ನೂ ಮುಟ್ಟಬಾರದು, ಎರಡೂ ರಾತ್ರಿಯ ಉಸಿರಾಟವನ್ನು ಕುಗ್ಗಿಸುತ್ತವೆ. ನಿದ್ದೆಯಲ್ಲಿ ಉಸಿರು ಕೆಲವು ಸೆಕೆಂಡು ನಿಂತು, ಆಮೇಲೆ ದೀರ್ಘವಾಗಿ ಎಳೆದುಕೊಳ್ಳುವುದು ಆ ಎತ್ತರದಲ್ಲಿ ಸಾಮಾನ್ಯ. ಪಕ್ಕದಲ್ಲಿ ಮಲಗಿದವರು ಇದನ್ನು ಕೇಳಿ ಹೆದರುತ್ತಾರೆ, ಹಗಲು ಆರಾಮವಾಗಿದ್ದರೆ ಹೆದರಬೇಕಿಲ್ಲ. ಚಳಿಗಾಲದಲ್ಲಿ ಹೋದವರು ಗ್ಯಾಸ್ ಹೀಟರನ್ನೋ ಬುಖಾರಿ ಎಂಬ ಸೌದೆ ಒಲೆಯನ್ನೋ ಹಚ್ಚಿಟ್ಟು ಕಿಟಕಿ ಮುಚ್ಚಿ ಮಲಗಬಾರದು, ಇಂಗಾಲದ ಮಾನಾಕ್ಸೈಡ್ ವಿಷ ಕೋಣೆಯಲ್ಲಿ ತುಂಬಿಕೊಳ್ಳುತ್ತದೆ.

ಎರಡನೆಯ ದಿನ ತಲೆನೋವಿಲ್ಲದಿದ್ದರೆ ಸಂಜೆ ಪೇಟೆಯ ಸಮತಟ್ಟಾದ ಬೀದಿಯಲ್ಲಿ ನಿಧಾನವಾಗಿ ನಡೆದಾಡಬಹುದು. ಅರಮನೆಯ ಏರು, ಗುಡ್ಡದ ಮೇಲಿನ ನಾಮ್‌ಗ್ಯಾಲ್ ತ್ಸೆಮೊ ಗೊಂಪಾ, ಶಾಂತಿ ಸ್ತೂಪದ ಐನೂರಕ್ಕೂ ಹೆಚ್ಚು ಮೆಟ್ಟಿಲುಗಳು ಇನ್ನೂ ಬೇಡ. ಸ್ತೂಪಕ್ಕೆ ವಾಹನದ ರಸ್ತೆ ಇದೆ. ನಡೆಯುವಾಗ ಪಕ್ಕದವರೊಡನೆ ಪೂರ್ತಿ ವಾಕ್ಯದಲ್ಲಿ ಮಾತನಾಡಲು ಆಗದಿದ್ದರೆ ವೇಗ ಹೆಚ್ಚಾಯಿತೆಂದು ತಿಳಿಯಬೇಕು.

ಹಂತ 5: ಅಪಾಯದ ಗುರುತುಗಳನ್ನು ದಿನಕ್ಕೆರಡು ಬಾರಿ ನೋಡಿ

ಬೆಳಗ್ಗೆ ಒಮ್ಮೆ, ಮಲಗುವ ಮುನ್ನ ಒಮ್ಮೆ ಗುಂಪಿನ ಪ್ರತಿಯೊಬ್ಬರನ್ನೂ ಕೇಳಬೇಕು. "ಆರಾಮಿದ್ದೀರಾ?" ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ, ಅದರಲ್ಲೂ ತಮ್ಮಿಂದ ಮಕ್ಕಳ ಪ್ರವಾಸ ಕೆಡಬಾರದೆಂದು ಅಪ್ಪ ಅಮ್ಮ ಖಂಡಿತ ಹೌದೆನ್ನುತ್ತಾರೆ; ಆದ್ದರಿಂದ ತಲೆನೋವಿದೆಯೇ, ಊಟ ಸೇರಿತೇ, ತಲೆ ತಿರುಗುತ್ತದೆಯೇ, ನಿದ್ದೆ ಬಂತೇ ಎಂದು ಬಿಡಿಸಿ ಕೇಳಬೇಕು.

ತಲೆನೋವಿನ ಜೊತೆಗೆ ಓಕರಿಕೆ, ಸುಸ್ತು, ತಲೆಸುತ್ತು ಇವುಗಳಲ್ಲಿ ಒಂದಾದರೂ ಇದ್ದರೆ ಅದನ್ನು ಎಎಂಎಸ್ ಎಂದೇ, ಅಂದರೆ ಎತ್ತರದ ಕಾಯಿಲೆಯೆಂದೇ ಎಣಿಸಬೇಕು. ಆಗಿನ ನಿಯಮ ಒಂದೇ: ಲಕ್ಷಣ ಪೂರ್ತಿ ಹೋಗುವವರೆಗೆ ಇದಕ್ಕಿಂತ ಎತ್ತರದ ಜಾಗದಲ್ಲಿ ಮಲಗಬಾರದು. ಪ್ಯಾರಾಸಿಟಮಾಲ್ ತೆಗೆದುಕೊಂಡು, ನೀರು ಕುಡಿದು, ವಿಶ್ರಾಂತಿ ಪಡೆದರೆ ಹೆಚ್ಚಿನವರಿಗೆ ಒಂದೆರಡು ದಿನದಲ್ಲಿ ಕಡಿಮೆಯಾಗುತ್ತದೆ. ಮಾತು ಬಾರದ ಮಕ್ಕಳಲ್ಲಿ ಊಟ ಬಿಡುವುದು, ಕಾರಣವಿಲ್ಲದ ಅಳು, ಆಟದಲ್ಲಿ ನಿರಾಸಕ್ತಿ ಇವೇ ಲಕ್ಷಣಗಳು.

ಇನ್ನೆರಡು ಸ್ಥಿತಿಗಳಲ್ಲಿ ಮರುದಿನದವರೆಗೆ ಕಾಯುವಂತೆಯೇ ಇಲ್ಲ. ಸುಮ್ಮನೆ ಕುಳಿತಾಗಲೂ ಏದುಸಿರು, ಬಿಡದ ಕೆಮ್ಮು, ಎದೆಯಲ್ಲಿ ಗುರುಗುರು ಸದ್ದು, ನೀಲಿಗಟ್ಟಿದ ತುಟಿ, ಗುಲಾಬಿ ಬಣ್ಣದ ನೊರೆ ಕಫ ಇವು ಶ್ವಾಸಕೋಶದಲ್ಲಿ ನೀರು ತುಂಬುತ್ತಿರುವ ಸೂಚನೆಗಳು, ಸಾಮಾನ್ಯವಾಗಿ ಎರಡರಿಂದ ನಾಲ್ಕನೆಯ ದಿನದ ನಡುವೆ ಬರುತ್ತವೆ; ತಲೆನೋವು ಇಲ್ಲದೆಯೂ ಬರಬಹುದು, ನೆಗಡಿ ಕೆಮ್ಮೆಂದು ಜನ ಮೋಸಹೋಗುವುದು ಇಲ್ಲೇ. ಮಾತು ತೊದಲುವುದು, ಗೊಂದಲ, ಅತಿಯಾದ ಮಂಪರು, ಕುಡಿದವರಂತೆ ತೂರಾಡುವುದು ಮೆದುಳು ಊದಿಕೊಳ್ಳುತ್ತಿರುವ ಲಕ್ಷಣಗಳು. ಸಂಶಯವಿದ್ದರೆ ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ನೇರ ಗೆರೆಯ ಮೇಲೆ ಹತ್ತು ಹೆಜ್ಜೆ ನಡೆಸಿ ನೋಡಬೇಕು. ವಾಲದೆ ನಡೆಯಲಾಗದಿದ್ದರೆ ಆ ಕ್ಷಣವೇ ಹೊರಡಬೇಕು.

ಲೇಹ್‌ನಲ್ಲಿದ್ದರೆ ಸೋನಂ ನೋರ್ಬೂ ಸ್ಮಾರಕ ಆಸ್ಪತ್ರೆಗೆ, ಕಣಿವೆಗಳಲ್ಲಿದ್ದರೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಅಥವಾ ಸೇನೆಯ ವೈದ್ಯಕೀಯ ಕೇಂದ್ರಕ್ಕೆ ಹೋಗಿ ಆಮ್ಲಜನಕ ಕೊಡಿಸಬೇಕು. ರೋಗಿಯನ್ನು ನಡೆಸಬಾರದು, ಒಬ್ಬರನ್ನೇ ಬಿಡಬಾರದು.

ಹಂತ 6: ಗೊಂಪಾಗಳನ್ನು ನೋಡುವುದು

ಮೂರನೆಯ ಮತ್ತು ನಾಲ್ಕನೆಯ ದಿನಗಳನ್ನು ಗೊಂಪಾಗಳಿಗೆ ಮೀಸಲಿಡುವುದರಿಂದ ಎರಡು ಲಾಭಗಳಿವೆ: ಅವು ಲೇಹ್‌ನ ಎತ್ತರದ ಆಸುಪಾಸಿನಲ್ಲೇ ಇರುವುದರಿಂದ ಒಗ್ಗಿಕೊಳ್ಳುವ ಕೆಲಸ ಮುಂದುವರಿಯುತ್ತದೆ, ಮತ್ತು ಸುಸ್ತಿಲ್ಲದ ಮನಸ್ಸಿನಿಂದ ಭಿತ್ತಿಚಿತ್ರಗಳ ಮುಂದೆ ನಿಲ್ಲಲು ಆಗುತ್ತದೆ. ಒಂದೇ ದಿನ ಆರೇಳು ಗೊಂಪಾ ಮುಗಿಸುವ ಟ್ಯಾಕ್ಸಿಯ ಪಟ್ಟಿಯನ್ನು ಒಪ್ಪಿಕೊಳ್ಳಬೇಡಿ. ದಿನಕ್ಕೆ ಮೂರು ಸಾಕು, ನಾಲ್ಕನೆಯದನ್ನು ಯಾರೂ ಸರಿಯಾಗಿ ನೋಡಿದ್ದು ಕಾಣೆ.

ಮೂರನೆಯ ದಿನ ಪೂರ್ವಕ್ಕೆ, ಅಂದರೆ ಥಿಕ್ಸೆ, ಶೇ ಮತ್ತು ಹೆಮಿಸ್ ಕಡೆಗೆ ಹೋಗಿ. ಥಿಕ್ಸೆ ಲೇಹ್‌ನಿಂದ ಸುಮಾರು 19 ಕಿಲೋಮೀಟರ್. ಅಲ್ಲಿನ ಬೆಳಗಿನ ಪ್ರಾರ್ಥನೆಗೆ ಕುಳಿತುಕೊಳ್ಳಬೇಕೆಂದರೆ ನಸುಕಿನಲ್ಲೇ ಹೊರಡಬೇಕು. ದುಖಾಂಗ್ ಎನ್ನುವ ಸಭಾಮಂದಿರದ ಹೊರಗೆ ಪಾದರಕ್ಷೆ ಬಿಟ್ಟು, ಹೊಸಿಲನ್ನು ತುಳಿಯದೆ ದಾಟಿ, ಗೋಡೆಯ ಪಕ್ಕ ಹಾಸಿದ ಚಾಪೆಯ ಮೇಲೆ ಕುಳಿತುಕೊಳ್ಳಿ. ನಡುವಿನ ಸಾಲುಗಳು ಭಿಕ್ಷುಗಳದ್ದು, ಅವರ ಮುಂದಿನ ಗಿಡ್ಡ ಮೇಜುಗಳ ಮೇಲೆ ಗ್ರಂಥದ ಬಿಡಿ ಹಾಳೆಗಳಿರುತ್ತವೆ, ಅವನ್ನು ದಾಟಬಾರದು. ಪಠಣದ ನಡುವೆ ಚಿಕ್ಕ ಹುಡುಗ ಭಿಕ್ಷುಗಳು ಕೆಟಲಿನಲ್ಲಿ ಬೆಣ್ಣೆ ಚಹಾ ತಂದು ಅತಿಥಿಗಳಿಗೂ ಹಾಕುವುದುಂಟು. ಅದು ಉಪ್ಪು ಚಹಾ, ಸಾರಿನಂತೆ ಎಂದುಕೊಂಡರೆ ಕುಡಿಯುವುದು ಸುಲಭ. ಒಂದು ಗುಟುಕು ಕುಡಿದೊಡನೆ ಬಟ್ಟಲನ್ನು ಮತ್ತೆ ತುಂಬಿಸುತ್ತಾರೆ. ಸಾಕಾದವರು ತುಂಬಿದ ಬಟ್ಟಲನ್ನು ಹಾಗೆಯೇ ಇಟ್ಟುಕೊಂಡಿದ್ದು ಏಳುವಾಗ ಕುಡಿದು ಮುಗಿಸಬೇಕು. ಪ್ರಾರ್ಥನೆಯ ನಡುವೆ ಎದ್ದು ಫೋಟೊ ತೆಗೆಯುತ್ತ ಓಡಾಡುವುದು ದೇವಸ್ಥಾನದಲ್ಲಿ ಮಂಗಳಾರತಿಗೆ ಅಡ್ಡ ನಿಂತಷ್ಟೇ ಅಸಭ್ಯ.

ಥಿಕ್ಸೆಯ ಮೈತ್ರೇಯ ಬುದ್ಧನ ಮೂರ್ತಿ ಸುಮಾರು 15 ಮೀಟರ್ ಎತ್ತರವಿದ್ದು ಎರಡು ಅಂತಸ್ತುಗಳನ್ನು ತುಂಬಿಕೊಂಡಿದೆ. ಒಳಗೆ ಹೋಗುವುದು ಮೇಲಿನ ಅಂತಸ್ತಿನಿಂದಾದ್ದರಿಂದ ಬಾಗಿಲು ದಾಟಿದೊಡನೆ ಎದುರಾಗುವುದು ಮುಖ ಮತ್ತು ಭುಜ. ಉಳಿದ ಮೈ ಕೆಳಗಿದೆ. ಅಲ್ಲಿಂದಲೇ ಒಂದು ಚಿತ್ರ ತೆಗೆದು ತಿರುಗಿ ಬರದೆ, ಎಡದಿಂದ ಆರಂಭಿಸಿ ಸುತ್ತಲಿನ ಮೊಗಸಾಲೆಯಲ್ಲಿ ಪ್ರದಕ್ಷಿಣೆ ಬಂದು ಕೆಳಗೆ ಬಗ್ಗಿ ನೋಡಬೇಕು.

ಪ್ರದಕ್ಷಿಣೆಯ ದಿಕ್ಕು ನಮ್ಮ ಗುಡಿಗಳದ್ದೇ. ಸ್ತೂಪಗಳಾದ ಚೋರ್ಟೆನ್‌ಗಳು, ಮಂತ್ರ ಕೆತ್ತಿದ ಕಲ್ಲುಗಳ ಮಣಿಗೋಡೆಗಳು ದಾರಿಯಲ್ಲಿ ಎದುರಾದರೆ ಅವು ಬಲಗೈ ಪಕ್ಕದಲ್ಲಿರುವಂತೆ ಹಾದುಹೋಗಬೇಕು, ಪ್ರಾರ್ಥನಾ ಚಕ್ರಗಳನ್ನೂ ಅದೇ ದಿಕ್ಕಿನಲ್ಲಿ ತಿರುಗಿಸಬೇಕು. ಮಣಿಗೋಡೆಯ ಮೇಲೆ ಕುಳಿತುಕೊಳ್ಳುವುದು, ನೆನಪಿಗೆಂದು ಅದರ ಕಲ್ಲೊಂದನ್ನು ಚೀಲಕ್ಕೆ ಹಾಕಿಕೊಳ್ಳುವುದು, ನೆಲಕ್ಕೆ ಬಿದ್ದ ಪ್ರಾರ್ಥನಾ ಪತಾಕೆಯನ್ನು ತುಳಿಯುವುದು ಸಲ್ಲದು. ಇದನ್ನೆಲ್ಲ ಅಭ್ಯಾಸ ಮಾಡಿಕೊಳ್ಳಲು ದೂರ ಹೋಗಬೇಕಾಗಿಲ್ಲ. ಬೈಲಕುಪ್ಪೆಯ ನಾಮ್‌ಡ್ರೋಲಿಂಗ್‌ನಲ್ಲೋ ಮುಂಡಗೋಡಿನಲ್ಲೋ ಅರ್ಧ ದಿನ ಕಳೆದವರಿಗೆ ಲಡಾಖ್‌ನ ಗೊಂಪಾ ಅಪರಿಚಿತ ಅನಿಸುವುದಿಲ್ಲ. ಟಿಬೆಟಿ ಬೌದ್ಧರ ಗೆಲುಕ್ ಪಂಥದ ಅನೇಕ ಲಡಾಖಿ ಭಿಕ್ಷುಗಳು ಈ ಎರಡು ಊರುಗಳ ವಿಹಾರಗಳಲ್ಲಿ ಓದಿ ಹೋದವರು, ಕರ್ನಾಟಕದಿಂದ ಬಂದೆವೆಂದರೆ ಮಾತು ಬೇಗ ಕುದುರುತ್ತದೆ.

ಗೊನ್‌ಖಾಂಗ್ ಎಂಬ ರಕ್ಷಕ ದೇವತೆಗಳ ಕೋಣೆಗೆ ಹೋಗುವ ಮುನ್ನ ಅನುಮತಿ ಕೇಳಬೇಕು, ಕೆಲವು ಕಡೆ ಹೆಂಗಸರಿಗೆ ಪ್ರವೇಶವಿಲ್ಲ. ಮೂರ್ತಿಗಳ ಮುಖಕ್ಕೆ ಬಟ್ಟೆ ಮುಚ್ಚಿದ್ದರೆ ಅದನ್ನು ಸರಿಸಿ ನೋಡಬಾರದು. ಲೇಹ್ ಪಕ್ಕದ ಸ್ಪಿತುಕ್‌ನಲ್ಲಿರುವ ಇಂಥ ಕೋಣೆಯನ್ನು ಬೆಟ್ಟದ ಕೆಳಗಿನ ಬಯಲು ಪ್ರದೇಶಗಳಿಂದ ಬಂದವರು ಕಾಳಿಯ ಗುಡಿಯೆಂದೇ ಕರೆಯುತ್ತಾರೆ. ಅಲ್ಲಿರುವುದು ಬೌದ್ಧರ ರಕ್ಷಕ ದೇವತೆಗಳು. ಕುಂಕುಮ ಹಚ್ಚುವುದು, ಕಾಯಿ ಒಡೆಯುವುದು ಬೇಡ.

ನಾಲ್ಕನೆಯ ದಿನ ಪಶ್ಚಿಮಕ್ಕೆ, ಲಿಕಿರ್ ಮತ್ತು ಆಲ್ಚಿಗೆ ಹೋಗಿ. ಆಲ್ಚಿ ಸುಮಾರು 3,100 ಮೀಟರ್ ಎತ್ತರದಲ್ಲಿರುವುದರಿಂದ ಲೇಹ್‌ಗಿಂತ ಉಸಿರಿಗೆ ಹಗುರ; ಬೇರೆಡೆಯಂತೆ ಗುಡ್ಡದ ನೆತ್ತಿಯಲ್ಲಿರದೆ ನದಿಯಂಚಿನ ಸಮತಟ್ಟಿನಲ್ಲಿರುವುದರಿಂದ ವಯಸ್ಸಾದವರಿಗೂ ಅನುಕೂಲ. ತಲೆನೋವು ಇನ್ನೂ ಉಳಿದಿರುವವರು ಆ ರಾತ್ರಿ ಅಲ್ಲೇ ಉಳಿದುಕೊಳ್ಳಬಹುದು. ಒಳಗೆ ಛಾಯಾಚಿತ್ರ ನಿಷಿದ್ಧ. ಮೂರಂತಸ್ತಿನ ಸುಮ್‌ತ್ಸೆಕ್ ಗುಡಿಯಲ್ಲಿ ಬೆಳಕು ತೀರ ಕಡಿಮೆ. ಐದು ನಿಮಿಷ ಸುಮ್ಮನೆ ನಿಂತು ಕಣ್ಣು ಹೊಂದಿಕೊಂಡ ಮೇಲೆ, ಕೇಳಿಕೊಂಡು ಟಾರ್ಚನ್ನು ಮಂದವಾಗಿ ಬಿಟ್ಟು, ಮೂರು ಬೃಹತ್ ಬೋಧಿಸತ್ವರ ಧೋತರಗಳನ್ನು ನೋಡಬೇಕು. ಅವಲೋಕಿತೇಶ್ವರನ ಧೋತರದ ಮೇಲೆ ಗುಡಿಗಳು, ಅರಮನೆಗಳು, ಮೈತ್ರೇಯನದರ ಮೇಲೆ ವೃತ್ತ ವೃತ್ತಗಳಲ್ಲಿ ಬುದ್ಧನ ಜೀವನದ ಪ್ರಸಂಗಗಳು, ಮಂಜುಶ್ರೀಯದರ ಮೇಲೆ ಸಿದ್ಧರು, ಎಲ್ಲವೂ ಗೇಣುದ್ದದ ಚಿತ್ರಗಳು. ಹತ್ತು ನಿಮಿಷದಲ್ಲಿ ಹೊರಬರುವವರಿಗೆ ಇವು ಕಾಣುವುದೇ ಇಲ್ಲ.

ಜನರೊಡನೆ ಮಾತಿಗೆ ತೊಡಗುವಾಗ "ಜುಲೇ" ಎಂದರೆ ನಮಸ್ಕಾರವೂ ಆಯಿತು, ಧನ್ಯವಾದವೂ ಆಯಿತು. ಅಜ್ಜನಿಗೆ ಮೇಮೆ-ಲೆ, ಅಜ್ಜಿಗೆ ಅಬಿ-ಲೆ, ನಿಮಗಿಂತ ಹಿರಿಯ ಚಾಲಕನಿಗೆ ಆಚೊ-ಲೆ ಎನ್ನಿ.

ಹಂತ 7: ಎತ್ತರದ ಕಣಿವೆಗಳಿಗೆ ಹೋಗುವ ಕ್ರಮ

ಇಲ್ಲಿ ನೋಡಬೇಕಾದದ್ದು ದಾಟುವ ಕಣಿವೆದಾರಿಯ ಎತ್ತರಕ್ಕಿಂತ ಮಲಗುವ ಊರಿನ ಎತ್ತರವನ್ನು. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದೆಂಬುದು ವೈದ್ಯರ ಸಾಮಾನ್ಯ ಸೂತ್ರ. ಆ ಲೆಕ್ಕದಲ್ಲಿ ನುಬ್ರಾ ಮೊದಲು, ಪಾಂಗಾಂಗ್ ಆಮೇಲೆ, ಹಾನ್ಲೆ ಕೊನೆಗೆ.

ನುಬ್ರಾಕ್ಕೆ ಹೋಗಲು 5,359 ಮೀಟರ್ ಎತ್ತರದ ಖರ್ದುಂಗ್ ಲಾ ದಾಟಬೇಕು. ಅಲ್ಲಿನ ಹಳೆಯ ಫಲಕದ 18,380 ಅಡಿ ನಿಜವಾದ ಎತ್ತರಕ್ಕಿಂತ ಸುಮಾರು ಎಂಟುನೂರು ಅಡಿ ಹೆಚ್ಚು, ಆದರೆ ಫಲಕದ ಮುಂದೆ ಸರದಿ ನಿಲ್ಲುವವರು ಅದನ್ನು ಲೆಕ್ಕಿಸುವುದಿಲ್ಲ. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಅಲ್ಲಿ ನಿಲ್ಲದೆ ಇಳಿದುಬಿಡಬೇಕು. ಮಲಗುವ ಊರಾದ ಹುಂಡರ್ ಅಥವಾ ದಿಸ್ಕಿತ್ ಸುಮಾರು 3,100 ಮೀಟರ್ ಎತ್ತರದಲ್ಲಿದ್ದು ಲೇಹ್‌ಗಿಂತ ಕೆಳಗಿರುವುದರಿಂದ ಅಲ್ಲಿ ನಿದ್ದೆ ಚೆನ್ನಾಗಿ ಬರುತ್ತದೆ. ಎರಡು ರಾತ್ರಿ ಅಲ್ಲಿರಿ. ದಿಸ್ಕಿತ್ ಗೊಂಪಾ ಮತ್ತು ಸುಮೂರ್‌ನ ಸಂಸ್ತಾನ್‌ಲಿಂಗ್ ಗೊಂಪಾ ನೋಡಲು ಬಿಡುವು ಸಿಗುತ್ತದೆ.

ಪಾಂಗಾಂಗ್‌ನ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಸರೋವರದ ಮಟ್ಟವೇ ಸುಮಾರು 4,250 ಮೀಟರ್. ರಾತ್ರಿ ಕಾಯಿಲೆಯಾದರೆ ಕೆಳಗಿಳಿಯಬೇಕು, ಆದರೆ ಲೇಹ್ ಕಡೆಗೆ ಇಳಿಯಲು ಮೊದಲು ಸುಮಾರು 5,360 ಮೀಟರ್ ಎತ್ತರದ ಚಾಂಗ್ ಲಾ ಹತ್ತಬೇಕು. ಈ ಒಂದು ಭೌಗೋಳಿಕ ತೊಡಕನ್ನು ತಿಳಿಯದೆ ಅಲ್ಲಿ ಮಲಗುವವರೇ ಹೆಚ್ಚು. ಮಕ್ಕಳು, ಹಿರಿಯರು ಜೊತೆಗಿದ್ದರೆ ಸರೋವರವನ್ನು ಹಗಲಿನಲ್ಲಿ ನೋಡಿ ತಾಂಗ್ತ್ಸೆಗೆ ಬಂದು ಮಲಗಬೇಕು. ಅದು ಸುಮಾರು 3,900 ಮೀಟರ್ ಎತ್ತರದಲ್ಲಿದೆ, ಆರೋಗ್ಯ ಕೇಂದ್ರವೂ ಇದೆ. ನುಬ್ರಾದಿಂದ ಶ್ಯೋಕ್ ನದಿಯ ಪಕ್ಕದ ರಸ್ತೆಯಲ್ಲಿ ನೇರವಾಗಿ ಪಾಂಗಾಂಗ್ ತಲುಪಬಹುದು, ಆದರೆ ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನ ಹಿಮ ಕರಗಿ ಹಳ್ಳಗಳು ರಸ್ತೆಯ ಮೇಲೆ ಹರಿಯುವುದರಿಂದ ಬೆಳಗ್ಗೆ ಬೇಗ ಹೊರಡಬೇಕು, ಹೊರಡುವ ಮುನ್ನ ದಿಸ್ಕಿತ್‌ನಲ್ಲಿ ರಸ್ತೆಯ ಸ್ಥಿತಿ ವಿಚಾರಿಸಬೇಕು.

ಹಾನ್ಲೆ ಸುಮಾರು 4,300 ಮೀಟರ್ ಎತ್ತರದಲ್ಲಿದೆ. ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ನಡೆಸುವ ವೀಕ್ಷಣಾಲಯ ಅಲ್ಲಿದೆ. ಅದರ ಎರಡು ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಹೊಸಕೋಟೆಯಿಂದ ಉಪಗ್ರಹ ಸಂಪರ್ಕದ ಮೂಲಕ ನಿಯಂತ್ರಿಸುತ್ತಾರೆ. ಕನಿಷ್ಠ ಒಂದು ವಾರ ಎತ್ತರದಲ್ಲಿದ್ದು, ತಾಂಗ್ತ್ಸೆ ಅಥವಾ ಪಾಂಗಾಂಗ್‌ನ ರಾತ್ರಿಯನ್ನು ತೊಂದರೆಯಿಲ್ಲದೆ ಕಳೆದವರು ಮಾತ್ರ ಹೋಗಬೇಕು. ರಾತ್ರಿ ವಾಹನದ ಪ್ರಖರ ದೀಪವನ್ನಾಗಲಿ ಬಿಳಿ ಟಾರ್ಚನ್ನಾಗಲಿ ಅಲ್ಲಿ ಹಚ್ಚುವಂತಿಲ್ಲ.

ಹಂತ 8: ಹಿಂತಿರುಗುವುದು

ಕೊನೆಯ ರಾತ್ರಿಯನ್ನು ಕಣಿವೆಗಳಲ್ಲಿ ಕಳೆಯದೆ ಲೇಹ್‌ನಲ್ಲೇ ಕಳೆಯಬೇಕು, ಏಕೆಂದರೆ ಒಂದು ಭೂಕುಸಿತ ಅಥವಾ ಒಂದು ಹಿಮಪಾತ ಚಾಂಗ್ ಲಾ, ಖರ್ದುಂಗ್ ಲಾ ರಸ್ತೆಗಳನ್ನು ದಿನವಿಡೀ ಮುಚ್ಚಿಬಿಡಬಹುದು. ಹವೆ ಕೆಟ್ಟರೆ ವಿಮಾನವೂ ರದ್ದಾಗುತ್ತದೆ. ಆದ್ದರಿಂದ ದೆಹಲಿಯಿಂದ ಬೆಂಗಳೂರಿಗೆ ಅದೇ ಮಧ್ಯಾಹ್ನದ ಟಿಕೆಟ್ ತೆಗೆಯದೆ, ರಾತ್ರಿಯದ್ದನ್ನೋ ಮರುದಿನದ್ದನ್ನೋ ತೆಗೆಯುವುದು ಜಾಣತನ. ಲೇಹ್ ನಿಲ್ದಾಣದಲ್ಲಿ ತಪಾಸಣೆ ಹಲವು ಸುತ್ತಿನದ್ದು, ಮೂರು ಗಂಟೆ ಮೊದಲೇ ಹೋಗಬೇಕು. ಅದು ವಾಯುಪಡೆಯ ನೆಲೆಯಾದ್ದರಿಂದ ಛಾಯಾಚಿತ್ರಕ್ಕೆ ಅವಕಾಶವಿಲ್ಲ. ಹಳೆಯದೆಂದು ಹೇಳಿ ಮಾರುವ ಥಾಂಗ್‌ಕಾ (ಬಟ್ಟೆಯ ಮೇಲಿನ ಬೌದ್ಧ ಚಿತ್ರ), ಕಂಚಿನ ಮೂರ್ತಿಗಳನ್ನು ಕೊಳ್ಳಬೇಡಿ. ನಕಲಿಯಾದರೆ ದುಡ್ಡು ಹೋಯಿತು, ನೂರು ವರ್ಷಕ್ಕಿಂತ ಹಳೆಯದ್ದೇ ಆಗಿದ್ದರೆ 1972ರ ಪುರಾವಸ್ತು ಕಾಯ್ದೆಯ ಪ್ರಕಾರ ಅದನ್ನು ದೇಶದ ಹೊರಗೆ ಒಯ್ಯುವಂತಿಲ್ಲ, ವಿದೇಶದಲ್ಲಿ ನೆಲೆಸಿದವರು ವಿಮಾನ ನಿಲ್ದಾಣದಲ್ಲೇ ಸಿಕ್ಕಿಬೀಳುತ್ತಾರೆ. ಪೇಟೆಯಲ್ಲಿ ಹೆಂಗಸರು ಬುಟ್ಟಿಯಿಟ್ಟು ಮಾರುವ ಒಣ ಏಪ್ರಿಕಾಟ್ ಕೊಳ್ಳುವುದಾದರೆ ಹಿಂದಿನ ದಿನವೇ ಕೊಂಡಿಟ್ಟುಕೊಳ್ಳಿ, ವಿಮಾನದ ದಿನ ಬೆಳಗ್ಗೆ ಅವರು ಇನ್ನೂ ಬಂದಿರುವುದಿಲ್ಲ.